ಇಕ್ಕಟ್ಟಿನಲ್ಲಿ ಜಾಗ ಮಾಡುವ ಕಸುಬು

ಮಸ್ಕಿ ತಾಲ್ಲೂಕಿನ ಸಂತೆಕಲ್ಲೂರಿನಲ್ಲಿ ಯಾರಾದರೂ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರೆ ಮನೆಯವರಿಗೆ ಮೊದಲು ಎದುರಾಗುವ ಪ್ರಶ್ನೆ, ಎಲ್ಲಿಗೆ ಒಯ್ಯೋಣ? ಲಿಂಗಸುಗೂರು, ಸಿಂಧನೂರು ಹತ್ತಿರ. ಅಲ್ಲಿಂದ ಮುಂದೆ ರಾಯಚೂರು, ಬಳ್ಳಾರಿ, ಹುಬ್ಬಳ್ಳಿ, ಹೈದರಾಬಾದ್. ಎಲ್ಲ ದಾರಿಗಳ ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್, ಹೆಚ್ಚುಕಡಿಮೆ 400 ಕಿಲೋಮೀಟರ್. ಆ ಹೆಸರು ಕಿವಿಗೆ ಬಿದ್ದೊಡನೆ ಹಿರಿಯರೊಬ್ಬರು ಅಡ್ಡ ಬರುವುದೂ ಉಂಟು: ‘ಅದು ಹುಚ್ಚರ ದವಾಖಾನಿ ಅಲ್ಲೇನು? ನಮ್ಮ ಹುಡುಗಗ ತಲಿ ಕೆಟ್ಟಿಲ್ಲ, ತಲಿ ಒಡದೈತಿ.’

ಹಿರಿಯರ ಮಾತು ಪೂರ್ತಿ ಸುಳ್ಳಲ್ಲ. ನಿಮ್ಹಾನ್ಸ್‌ನ ಬೇರು 1847ರಲ್ಲಿ ಬೆಂಗಳೂರಿನಲ್ಲಿ ತೆರೆದ ಮನೋರೋಗಿಗಳ ಆಶ್ರಯಧಾಮದಲ್ಲಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1925ರಲ್ಲಿ, ಅದು ಮೆಂಟಲ್ ಹಾಸ್ಪಿಟಲ್ ಆಯಿತು. 1954ರಲ್ಲಿ ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಮಾತು, ಮದ್ದುಗಳ ಆ ಲೋಕಕ್ಕೆ 1958ರಲ್ಲಿ ಶಸ್ತ್ರ ಹಿಡಿದು ಬಂದವರು ಡಾ. ಆರ್. ಎಂ. ವರ್ಮ. ಸ್ವತಂತ್ರ ಭಾರತದಲ್ಲಿ ನರಶಸ್ತ್ರಚಿಕಿತ್ಸೆ ಆಗಿನ್ನೂ ಎಳೆಯದು. ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿ ದೇಶದ ಮೊದಲ ವಿಭಾಗ ತೆರೆದದ್ದು 1949ರಲ್ಲಿ. ಮರುವರ್ಷ ಮದ್ರಾಸಿನಲ್ಲಿ ಡಾ. ಬಿ. ರಾಮಮೂರ್ತಿ ಕೆಲಸ ಆರಂಭಿಸಿದರು. ಪಾರ್ಕಿನ್ಸನ್ ಕಾಯಿಲೆಯ ನಡುಕಕ್ಕೆ ವರ್ಮ ಕಂಡುಕೊಂಡ ದಾರಿ ಅವರ ಹೆಸರಿನಲ್ಲೇ ಉಳಿದಿದೆ. ತಲೆಬುರುಡೆಯ ತಳದಲ್ಲಿ, ದವಡೆಯ ನರ ಹೊರಬರಲೆಂದು ಪ್ರಕೃತಿಯೇ ಬಿಟ್ಟಿರುವ ಒಂದು ಕಿಂಡಿ ಇದೆ. ಮೂಳೆ ಕೊರೆಯುವ ಬದಲು ಆ ಕಿಂಡಿಯ ಮೂಲಕವೇ ಸೂಜಿ ಒಯ್ದರು. 1974ರ ಡಿಸೆಂಬರ್ 27ರಂದು ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆದಾಗ ಮೊದಲ ನಿರ್ದೇಶಕರೂ ಅವರೇ. ಮನಸ್ಸಿನ ಕಾಯಿಲೆಗೂ ಮಿದುಳಿನ ಗಾಯಕ್ಕೂ ಒಂದೇ ಗೇಟು ಆದದ್ದು ಹೀಗೆ. ನನ್ನ ಮಟ್ಟಿಗೆ ಅದು ಒಳ್ಳೆಯದೇ ಆಯಿತು. ಊರವರ ಹಿಂಜರಿಕೆಯೊಂದನ್ನು ಬಿಟ್ಟರೆ.

ಇಷ್ಟಕ್ಕೂ ನ್ಯೂರೋಸರ್ಜನ್ ಮಾಡುವುದೇನು? ಮಿದುಳನ್ನು ರಿಪೇರಿ ಮಾಡುತ್ತಾರೆ ಎಂದು ನಾವು ನಂಬಿದ್ದೇವೆ. ಸತ್ತ ನರಕೋಶವನ್ನು ಯಾವ ಸರ್ಜನ್ನೂ ಎಬ್ಬಿಸಲಾರರು, ಕತ್ತರಿಸಿಹೋದ ಬೆನ್ನುಹುರಿಯನ್ನು ಹೊಲಿದು ನಡೆಸಲಾರರು. ಅವರ ಕೆಲಸದ ಬಹುಪಾಲು, ಅದುಮಿಸಿಕೊಂಡು ಒದ್ದಾಡುತ್ತಿರುವ ನರಗಳಿಗೆ ಜಾಗ ಬಿಡಿಸಿಕೊಡುವುದು. ದೊಡ್ಡವರ ತಲೆಬುರುಡೆ ಹಿಗ್ಗದ ಡಬ್ಬಿ. ಅದರೊಳಗೆ ಸುಮಾರು 1.3 ಕಿಲೋ ಮಿದುಳು, ಓಡಾಡುವ ರಕ್ತ, ತಿಳಿಯಾದ ಮಿದುಳುದ್ರವ. ನಾಲ್ಕನೆಯದೊಂದು ಒಳಗೆ ಬಂದರೆ, ಅದು ಗಡ್ಡೆಯಿರಲಿ, ಹೆಪ್ಪುಗಟ್ಟಿದ ರಕ್ತವಿರಲಿ, ಮೊದಲು ದ್ರವ ಸರಿದು ಜಾಗ ಬಿಡುತ್ತದೆ. ಅದೂ ಮುಗಿದ ಮೇಲೆ ಒತ್ತಡ ಏರತೊಡಗಿದರೆ ಕ್ಷಣಕ್ಷಣಕ್ಕೂ ಏರುತ್ತದೆ. ಉಸಿರಾಟ ನಡೆಸುವ ಮಿದುಳುಕಾಂಡವನ್ನು ಕೆಳಗಿನ ರಂಧ್ರಕ್ಕೆ ಅದುಮಿದರೆ ಕಥೆ ಮುಗಿಯಿತು.

ಹಳ್ಳಿಯ ದಾರಿಯಲ್ಲಿ ಜೀವ ತೆಗೆಯುವ ಮೋಸ ಇರುವುದು ಇಲ್ಲೇ. ಕಿವಿಯ ಮುಂದೆ, ಕಣತಲೆಯ ಬಳಿ ಬುರುಡೆಯ ಮೂಳೆ ತೆಳು. ಅದರ ಒಳಮೈಗೆ ಅಂಟಿಕೊಂಡು ಒಂದು ರಕ್ತನಾಳ ಹೋಗುತ್ತದೆ. ಮೂಳೆ ಸೀಳಿದರೆ ಅದೂ ಹರಿದು, ಮೂಳೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ತುಂಬುತ್ತದೆ. ಬಿದ್ದವನು ಕ್ಷಣಕಾಲ ಮೈಮರೆತು ಎದ್ದು ಕೂರುತ್ತಾನೆ, ನೀರು ಕೇಳುತ್ತಾನೆ, ಬೈಕಿಗೇನಾಯಿತು ಎಂದು ವಿಚಾರಿಸುತ್ತಾನೆ. ‘ಏನೂ ಆಗಿಲ್ಲ ಬಿಡ್ರಿ, ಆರಾಮ ಮಾತಾಡಾಕತ್ಯಾನ’ ಎಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಕೆಲವು ತಾಸಿಗೆ ತಲೆನೋವು, ವಾಂತಿ, ಮಂಪರು. ನಿದ್ದೆ ಬಂದಿದೆಯೆಂದು ಮಲಗಿಸುತ್ತಾರೆ. ಒಂದು ಕಣ್ಣಿನ ಪಾಪೆ ದೊಡ್ಡದಾಗುವ ಹೊತ್ತಿಗೆ ಸಮಯ ಬಹಳ ಕಡಿಮೆ ಉಳಿದಿರುತ್ತದೆ. ದುಃಖದ ಮಾತೆಂದರೆ, ಇದು ಆ ಕಸುಬಿನಲ್ಲೇ ಅತಿ ಚೆನ್ನಾಗಿ ವಾಸಿಯಾಗುವ ಗಾಯಗಳಲ್ಲಿ ಒಂದು. ಹೊತ್ತಿಗೆ ಸರಿಯಾಗಿ ಮೂಳೆ ತೆರೆದು ಹೆಪ್ಪು ತೆಗೆದರೆ, ಒಳಗಿನ ಮಿದುಳಿಗೆ ಬೇರೆ ಪೆಟ್ಟಿಲ್ಲದಿದ್ದಲ್ಲಿ, ಹುಡುಗ ಮೊದಲಿನಂತೆ ಓಡಾಡಬಲ್ಲ.

ಆದ್ದರಿಂದ ನರಶಸ್ತ್ರಚಿಕಿತ್ಸೆಯ ಮೊದಲರ್ಧ ನಡೆಯುವುದು ರಸ್ತೆಯಲ್ಲಿ. 2008ರ ನವೆಂಬರ್ 1ರಿಂದ ರಾಜ್ಯದಲ್ಲಿ ಓಡುತ್ತಿರುವ 108 ಆಂಬುಲೆನ್ಸ್, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸ್ ತಾಪತ್ರಯದಿಂದ ಕಾಯುವ ಕರ್ನಾಟಕದ 2016ರ ಕಾಯ್ದೆ, ಬಡವರ ದೊಡ್ಡ ಆಪರೇಷನ್ನುಗಳಿಗಾಗಿ 2010ರಲ್ಲಿ ಮೊದಲು ಕಲಬುರಗಿ ವಿಭಾಗದಲ್ಲೇ ಶುರುವಾದ ವಾಜಪೇಯಿ ಆರೋಗ್ಯಶ್ರೀ, ಈಗಿನ ಆಯುಷ್ಮಾನ್ ಕಾರ್ಡು, ಇವೆಲ್ಲ ಸರ್ಜನ್‌ನ ಕೈಯಷ್ಟೇ ಮುಖ್ಯ. ಬಿದ್ದವನನ್ನು ಎತ್ತುವಾಗ ಕುತ್ತಿಗೆ ತಿರುಚದಂತೆ, ತಲೆ ಮತ್ತು ಮೈಯನ್ನು ಒಂದೇ ನೇರದಲ್ಲಿ ಹಿಡಿಯಬೇಕು. ಟಂಟಂನಲ್ಲಿ ಮಡಚಿ ಕೂರಿಸಿದರೆ, ಮುರಿದ ಕುತ್ತಿಗೆಯ ಮೂಳೆ ಬೆನ್ನುಹುರಿಯನ್ನು ಅಲ್ಲೇ ಕುಯ್ದೀತು.

ಆಪರೇಷನ್ ಥಿಯೇಟರಿನೊಳಗಿನ ಒಂದೆರಡು ಸಂಗತಿ ಹೊರಗಿನವರಿಗೆ ವಿಚಿತ್ರ ಅನಿಸಬಹುದು. ಎಲ್ಲ ನೋವನ್ನೂ ಅರಿಯುವ ಮಿದುಳಿಗೆ ತನ್ನದೇ ನೋವಿಲ್ಲ. ಹಾಗಾಗಿ ಮಾತಿನ ಕೇಂದ್ರದ ಬಳಿಯ ಗಡ್ಡೆಯಾದರೆ ರೋಗಿಯನ್ನು ಎಚ್ಚರವಾಗಿಟ್ಟು, ಮಾತಾಡಿಸುತ್ತಲೇ ಗಡ್ಡೆ ತೆಗೆಯುವುದುಂಟು. ನಾಲಗೆ ತೊದಲಿದರೆ ಕೈ ಅಲ್ಲಿಗೆ ನಿಲ್ಲುತ್ತದೆ. ಇನ್ನು ಮಿದುಳು ಬಹಳ ಊದಿಕೊಂಡಿದ್ದರೆ ತೆಗೆದ ಮೂಳೆಯನ್ನು ತಕ್ಷಣ ಮುಚ್ಚುವುದಿಲ್ಲ. ಅನೇಕ ಆಸ್ಪತ್ರೆಗಳಲ್ಲಿ ಅದನ್ನು ರೋಗಿಯ ಹೊಟ್ಟೆಯ ಚರ್ಮದಡಿಯಲ್ಲೇ ಹೂತಿಟ್ಟು, ಕೆಲವು ವಾರ ಅಥವಾ ತಿಂಗಳ ಮೇಲೆ ಮತ್ತೆ ತಲೆಗೆ ಕೂರಿಸುತ್ತಾರೆ. ‘ತಲಿ ಎಲುಬು ಹೊಟ್ಟ್ಯಾಗ ಐತಿ’ ಎಂದು ಯಾರಾದರೂ ಹೇಳಿದರೆ ನಗಬೇಡಿ.

ವಯಸ್ಸಾದವರ ಒಂದು ಕಾಯಿಲೆಯನ್ನು ಇಲ್ಲಿ ಹೇಳಲೇಬೇಕು. ಬಚ್ಚಲಲ್ಲಿ ಜಾರಿ ಸಣ್ಣದಾಗಿ ತಲೆ ತಗುಲಿರುತ್ತದೆ, ಎಲ್ಲರೂ ಮರೆತಿರುತ್ತಾರೆ. ವಾರಗಳ ಮೇಲೆ ಅಜ್ಜ ಹೆಸರು ತಪ್ಪುತ್ತಾನೆ, ಕಾಲೆಳೆಯುತ್ತಾನೆ. ಅರವತ್ತಕ್ಕೆ ಅರಳು ಮರಳು ಎಂದು ಮನೆಯವರು ಕೈಬಿಡುತ್ತಾರೆ. ಸ್ಕ್ಯಾನ್ ಮಾಡಿದರೆ ಮಿದುಳಿನ ಪೊರೆಗಳ ನಡುವೆ ಹಳೆಯ ರಕ್ತ ನೀರಾಗಿ ನಿಂತಿರುತ್ತದೆ, ಬಣ್ಣದಲ್ಲಿ ಥೇಟ್ ಗಾಡಿಯ ಹಳೆ ಆಯಿಲ್. ಬುರುಡೆಗೆ ಒಂದೋ ಎರಡೋ ತೂತು ಹಾಕಿ ಅದನ್ನು ಹೊರಬಿಟ್ಟರೆ, ಅಜ್ಜ ಕೆಲವೇ ದಿನಗಳಲ್ಲಿ ಮೊಮ್ಮಕ್ಕಳ ಹೆಸರು ಹಿಡಿದು ಕೂಗಬಲ್ಲ.

ಬೆನ್ನಿನ ವಿಷಯದಲ್ಲಿ ಮಾತ್ರ ಒಳ್ಳೆಯ ನ್ಯೂರೋಸರ್ಜನ್‌ನ ಗುರುತು ಕತ್ತಿ ಎತ್ತದಿರುವುದರಲ್ಲಿದೆ. ‘ಬೆನ್ನಾಗ ಗ್ಯಾಪ್ ಬಂದೈತಿ’ ಎಂದು ಎಂಆರ್‌ಐ ಫಿಲಂ ಹಿಡಿದು ಬರುವವರಲ್ಲಿ ಬಹುಮಂದಿಗೆ ಕೆಲವು ವಾರಗಳ ವ್ಯಾಯಾಮ, ಮಾತ್ರೆಗಳೇ ಸಾಕು. ಆದರೆ ಮೂತ್ರ ಕಟ್ಟಿದರೆ, ಕೂರುವ ಜಾಗದ ಸುತ್ತ ಮರಗಟ್ಟಿದರೆ, ಎರಡೂ ಕಾಲು ಸೋತರೆ ಮರುದಿನದ ಬಸ್ಸಿಗೂ ಕಾಯಬಾರದು.

ರಾಯಚೂರು ಸೀಮೆಯ ಬೆನ್ನಿಗೆ ತನ್ನದೇ ಆದ ಒಂದು ಶತ್ರುವಿದೆ, ಅದು ಕುಡಿಯುವ ನೀರಿನಲ್ಲಿದೆ. ಸಂತೆಕಲ್ಲೂರು ಘನಮಠದ ಶಿವಯೋಗಿಗಳ ಊರು. 19ನೇ ಶತಮಾನದಲ್ಲೇ ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದ ಅವರ ಕಾಲದಲ್ಲಿ ಬೋರ್‌ವೆಲ್ ಇರಲಿಲ್ಲ. ಇಂದು ಗ್ರಾನೈಟ್ ಬಂಡೆಯ ಆಳದಿಂದ ಎತ್ತುವ ನೀರು, ಬಂಡೆಯ ಖನಿಜಗಳಿಂದ ಕರಗಿದ ಫ್ಲೋರೈಡನ್ನೂ ಹೊತ್ತು ತರುತ್ತದೆ. ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಜಿಲ್ಲೆಯ ಹಲವೆಡೆ ಕೊಳವೆಬಾವಿಗಳು ಈ ಗೆರೆ ದಾಟಿವೆ. ಮೊದಲು ಮಕ್ಕಳ ಹಲ್ಲಿಗೆ ಕಂದು ಕಲೆ. ವರ್ಷಾನುಗಟ್ಟಲೆ ಕುಡಿದವರ ಮೂಳೆ ದಪ್ಪವಾಗಿ, ಬೆನ್ನುಮೂಳೆಯನ್ನು ಹಿಡಿದಿಡುವ ನಾರುಗಳೂ ಗಟ್ಟಿಯಾಗಿ, ಬೆನ್ನುಹುರಿಯ ಕಾಲುವೆ ಕಿರಿದಾಗುತ್ತದೆ. ಬಗ್ಗಲಾರದ ಬೆನ್ನು, ಬಿಗಿದು ತಡವರಿಸುವ ಕಾಲು. ಇಂಥವರಿಗೆ ಸರ್ಜನ್ ಕೊರೆಯಬೇಕಾದ ಮೂಳೆ ಕಲ್ಲಿನಂತಿರುತ್ತದೆ. ಕೆಳಗೆ ಅದಾಗಲೇ ನಲುಗಿದ ಬೆನ್ನುಹುರಿ. ಡ್ರಿಲ್ಲಿನ ತುದಿ ಕೂದಲೆಳೆಯಷ್ಟು ಜಾರಿದರೂ ಇದ್ದ ಶಕ್ತಿಯೂ ಹೋದೀತು. ಜಾಗ ಮಾಡಿಕೊಟ್ಟರೂ ಎಲ್ಲರೂ ಎದ್ದು ನಡೆಯುವುದಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತರೆ ಅದನ್ನು ಪಂಚಾಯಿತಿಯ ಸಣ್ಣ ತಕರಾರೆಂದು ನಾವು ಎಣಿಸುತ್ತೇವಲ್ಲ, ಅದು ತಪ್ಪು ಲೆಕ್ಕ.

ತಾಯಿಯ ಹೊಟ್ಟೆಯಲ್ಲೇ ಶುರುವಾಗುವ ತೊಂದರೆ ಇನ್ನೊಂದು. ಗರ್ಭ ನಿಂತ 28 ದಿನದೊಳಗೆ ಮಗುವಿನ ಮಿದುಳು ಮತ್ತು ಬೆನ್ನುಹುರಿಯ ನಾಳ ಮುಚ್ಚಿಕೊಳ್ಳಬೇಕು. ಎಷ್ಟೋ ಹೆಂಗಸರಿಗೆ ಬಸಿರು ಗೊತ್ತಾಗುವ ಮೊದಲೇ ಆ ಗಡುವು ಮುಗಿದಿರುತ್ತದೆ. ಅದಕ್ಕೇ ಮಗು ಬೇಕೆಂದುಕೊಂಡಾಗಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರುವಾಗಬೇಕು. ಮೊದಲ ಮಗುವಿಗೆ ಈ ತೊಂದರೆ ಆಗಿದ್ದರೆ ವೈದ್ಯರು ಹೆಚ್ಚಿನ ಪ್ರಮಾಣ ಹೇಳುತ್ತಾರೆ. ನಾಳ ಮುಚ್ಚದೆ ಬೆನ್ನಿನ ಮೇಲೆ ಗುಳ್ಳೆಯೊಂದಿಗೆ ಹುಟ್ಟಿದ ಕೂಸಿಗೆ ಆ ಗಾಯ ಮುಚ್ಚಬೇಕು. ಅನೇಕರಿಗೆ ತಲೆಯಲ್ಲಿ ನೀರು ತುಂಬುವುದರಿಂದ, ಅದನ್ನು ಚರ್ಮದಡಿಯಲ್ಲಿ ಹೊಟ್ಟೆಗೆ ಇಳಿಸುವ ಸಣ್ಣ ಕೊಳವೆ, ಷಂಟ್, ಹಾಕಬೇಕು. ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಷಂಟ್ ವಿದೇಶದ ಷಂಟ್‌ಗಿಂತ ಎಷ್ಟೋ ಪಾಲು ಅಗ್ಗ. ಉಗಾಂಡಾದ ಮಕ್ಕಳಲ್ಲಿ ಎರಡನ್ನೂ ಹೋಲಿಸಿ ನೋಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು; ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಷಂಟ್ ಹಾಕಿಸಿಕೊಂಡ ಮಗುವನ್ನು ಊರಿಗೆ ಕರೆತಂದ ಮೇಲೆ ತಾಯಿ ನೆನಪಿಡಬೇಕಾದದ್ದು ಇಷ್ಟು: ಬಿಡದ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಉಬ್ಬಿದ ನೆತ್ತಿ, ಕಡಿಮೆಯಾಗದ ಜ್ವರ. ಕೊಳವೆ ಕಟ್ಟಿರಬಹುದು, ಸೋಂಕು ತಗುಲಿರಬಹುದು. ಆಪರೇಷನ್ ಆದ ಆಸ್ಪತ್ರೆಯ ಚೀಟಿ ಮತ್ತು ಸ್ಕ್ಯಾನ್ ಫಿಲಂ ಮನೆಯಲ್ಲಿ ಕೈಗೆ ಸಿಗುವಲ್ಲಿರಲಿ. ರಾತ್ರಿ ಹೊತ್ತು ಲಿಂಗಸುಗೂರಿನ ಡ್ಯೂಟಿ ಡಾಕ್ಟರು ಮೊದಲು ಕೇಳುವುದು ಅವನ್ನೇ.