ಮಂಪರಿನ ಇಂಜೆಕ್ಷನ್ ಕೊಟ್ಟ ಮೇಲೆ ನಿಮ್ಮ ಉಸಿರು ನೋಡೋರು ಯಾರು?

ಎಂಡೋಸ್ಕೋಪಿ ಮಾಡಿಸೋಕೆ ಹೋದ್ರೆ ಅಥವಾ ಜಾರಿದ ಭುಜದ ಕೀಲು ಕೂರಿಸೋಕೆ ಹೋದ್ರೆ ಡಾಕ್ಟ್ರು ಒಂದು ಮಾತು ಹೇಳ್ತಾರೆ: "ಸ್ವಲ್ಪ ಮಂಪರು ಬರೋ ಇಂಜೆಕ್ಷನ್ ಕೊಡ್ತೀವಿ, ಏನೂ ಗೊತ್ತಾಗಲ್ಲ." ಇದೇ ಸೆಡೇಷನ್. ಎಷ್ಟೋ ಸಲ ಇದನ್ನು ಕೊಡೋದು ಅರಿವಳಿಕೆ ತಜ್ಞರಲ್ಲ. ಹೊಟ್ಟೆಯ ಡಾಕ್ಟ್ರೋ ಎಮರ್ಜೆನ್ಸಿ ಡಾಕ್ಟ್ರೋ ಕೊಡ್ತಾರೆ.

ಹಾಗಂತ ಅದು ತಪ್ಪು ಅಂತಲ್ಲ. ಅಮೆರಿಕದ ಅರಿವಳಿಕೆ ತಜ್ಞರ ಸಂಘವೇ ಇಂಥ ಡಾಕ್ಟರ್‌ಗಳಿಗಾಗಿ 1996ರಲ್ಲಿ ಮಾರ್ಗಸೂಚಿ ತಂದು, 2002ರಲ್ಲಿ ಪರಿಷ್ಕರಿಸಿತು. ಕೊಡೋರು ಯಾರು ಅನ್ನೋದರ ಜೊತೆಗೆ, ಕೊಟ್ಟ ಮೇಲೆ ನೋಡಿಕೊಳ್ಳೋರು ಯಾರು ಅನ್ನೋದೂ ಅಷ್ಟೇ ಮುಖ್ಯ.

ನಾಲ್ಕು ಮೆಟ್ಟಿಲು

ಸೆಡೇಷನ್‌ಗೆ ನಾಲ್ಕು ಹಂತ. ಮೊದಲನೇದರಲ್ಲಿ ಭಯ ಕಡಿಮೆ ಆಗುತ್ತೆ, ಅಷ್ಟೇ. ಎರಡನೇದರಲ್ಲಿ ತೂಕಡಿಕೆ, ಆದರೆ ಕರೆದರೆ ಓಗೊಡ್ತೀರಿ. ಮೂರನೇದರಲ್ಲಿ ನೋವಾದರೆ ಮಾತ್ರ ಎಚ್ಚರ, ಉಸಿರಾಟಕ್ಕೂ ಸಹಾಯ ಬೇಕಾಗಬಹುದು. ನಾಲ್ಕನೇದು ಪೂರ್ಣ ಅರಿವಳಿಕೆ.

ಈ ಮೆಟ್ಟಿಲುಗಳ ನಡುವೆ ಗೋಡೆ ಇಲ್ಲ. ಅದೇ ಡೋಸ್‌ಗೆ ಒಬ್ಬರು ತೂಕಡಿಸಿದರೆ, ಇನ್ನೊಬ್ಬರ ಉಸಿರೇ ನಿಧಾನ ಆಗಬಹುದು. ಅದಕ್ಕೇ ನಿಯಮ ಹೀಗಿದೆ: ಎರಡನೇ ಮೆಟ್ಟಿಲಿಗೆ ಇಳಿಸೋ ಡಾಕ್ಟರ್‌ಗೆ, ಮೂರನೇದಕ್ಕೆ ಜಾರಿದವರನ್ನು ವಾಪಸ್ ತರೋಕೆ ಗೊತ್ತಿರಬೇಕು.

2009ರ ಆ ದಿನ

ಕಾವಲು ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಮೈಕೆಲ್ ಜಾಕ್ಸನ್ ಸಾವು ದೊಡ್ಡ ಉದಾಹರಣೆ. 2009ರ ಜೂನ್ 25, ಲಾಸ್ ಏಂಜಲೀಸ್. ನಿದ್ದೆ ಬರ್ತಿಲ್ಲ ಅಂತ ಮನೆಯಲ್ಲೇ ಪ್ರೊಪೊಫಾಲ್ ಕೊಟ್ಟವರು ಹೃದ್ರೋಗ ತಜ್ಞ ಕಾನ್ರಾಡ್ ಮರ್ರೆ. ಅದಕ್ಕೂ ಮೊದಲು ಬೇರೆ ಮಂಪರಿನ ಔಷಧಗಳನ್ನೂ ಕೊಟ್ಟಿದ್ದರು. ಬೆರಳಿಗೆ ಹಾಕೋ ಆಕ್ಸಿಜನ್ ಮೀಟರ್‌ನಲ್ಲಿ ಅಲಾರಂ ಇರಲಿಲ್ಲ. ಡಾಕ್ಟ್ರು ಕೋಣೆಯಿಂದ ಹೊರಗೆ ಹೋಗಿದ್ದರು. ವಾಪಸ್ ಬಂದಾಗ ಉಸಿರು ನಿಂತಿತ್ತು.

ಮಿಡಜೋಲಾಮ್‌ಗೆ ಪ್ರತಿಮದ್ದು ಇದೆ, ಫೆಂಟನಿಲ್‌ಗೂ ಇದೆ. ಪ್ರೊಪೊಫಾಲ್‌ಗೆ ಇಲ್ಲ. ಅದು ಇಳಿಯೋವರೆಗೆ ಯಾರಾದರೂ ಉಸಿರಾಟ ಕಾಯಲೇಬೇಕು. 2011ರಲ್ಲಿ ಮರ್ರೆ ಅಪರಾಧಿ ಅಂತ ತೀರ್ಪು ಬಂತು.

ಆಕ್ಸಿಜನ್ ನಂಬರ್ ಸಾಕಾ?

ಸಾಲದು. ಸಂಬಳ ನಿಂತ ದಿನವೇ ಬ್ಯಾಂಕ್ ಬ್ಯಾಲೆನ್ಸ್ ಖಾಲಿ ಆಗಲ್ಲ, ಅಲ್ವಾ? ಹಾಗೇ ಮೂಗಿಗೆ ಆಕ್ಸಿಜನ್ ಕೊಟ್ಟಿದ್ದರೆ, ಉಸಿರು ನಿಂತ ಮೇಲೂ ಬೆರಳಿನ ಮೀಟರ್ ಸ್ವಲ್ಪ ಹೊತ್ತು 98, 99 ಅಂತಲೇ ತೋರಿಸಬಹುದು. ಕ್ಯಾಪ್ನೋಗ್ರಫಿ ಅನ್ನೋ ಯಂತ್ರ ಹೊರಬರುವ ಕಾರ್ಬನ್ ಡೈಆಕ್ಸೈಡ್ ಅಳೆಯುತ್ತೆ. ಉಸಿರು ನಿಂತರೆ ಅದರ ಗೆರೆ ತಕ್ಷಣ ಚಪ್ಪಟೆ ಆಗುತ್ತೆ.

ನೀವು ಕೇಳಬೇಕಾದದ್ದು

ಮೂರೇ ಪ್ರಶ್ನೆ. "ಸರ್, ನೀವು ಪ್ರೊಸೀಜರ್ ಮಾಡುವಾಗ ನನ್ನ ಉಸಿರಾಟ ನೋಡಿಕೊಳ್ಳೋಕೆ ಬೇರೆ ಒಬ್ಬರು ಇರ್ತಾರಾ?" "ಯಾವ ಮಾನಿಟರ್ ಹಾಕ್ತೀರಿ?" "ಉಸಿರು ನಿಧಾನ ಆದರೆ ಸಹಾಯ ಮಾಡೋಕೆ ಆಕ್ಸಿಜನ್, ಮಾಸ್ಕ್, ಬ್ಯಾಗ್ ಪಕ್ಕದಲ್ಲೇ ಇರುತ್ತಾ?"

ನೀವೂ ನಿಜ ಹೇಳಿ. ಜೋರಾಗಿ ಗೊರಕೆ ಹೊಡೀತೀರಾ, ನಿದ್ದೆ ಮಾತ್ರೆ ತಗೋತೀರಾ, ರಾತ್ರಿ ಕುಡಿದಿದ್ರಾ, ಎಲ್ಲಾನೂ. ಖಾಲಿ ಹೊಟ್ಟೆ ಅಂದ್ರೆ ಖಾಲಿ ಹೊಟ್ಟೆನೇ. ಸಾಮಾನ್ಯವಾಗಿ ಲಘು ಆಹಾರ ತಿಂದು 6 ಗಂಟೆ, ನೀರು ಕುಡಿದು 2 ಗಂಟೆ ಆಗಿರಬೇಕು. ಮಂಪರಿನಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ವಾಪಸ್ ಬರುವಾಗ ಬೈಕ್ ಓಡಿಸಬೇಡಿ, ಯಾರನ್ನಾದರೂ ಜೊತೆಗೆ ಕರ್ಕೊಂಡು ಹೋಗಿ.

ಡಾಕ್ಟರ್‌ಗೆ ಪ್ರಶ್ನೆ ಕೇಳೋಕೆ ನಮಗೆ ಸಂಕೋಚ, ಗೊತ್ತು. ಆದ್ರೆ ಮಲಗಿದ ಮೇಲೆ ಕೇಳೋಕಾಗಲ್ಲ, ಮೊದಲೇ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.