ಬಿಸಿನೀರು ತಲೆಗೆ ಬಿದ್ದಾಗ

"ಮೂರ್ನೇ ಚೊಂಬಿಗೆ ಕಿವಿ ಗುಂಯ್ ಅಂತದೆ. ಆಮ್ಯಾಲೆ ಒಂಥರಾ ಹಿತ. ನಿಲ್ಸಕ್ಕೆ ಮನ್ಸೇ ಬರದಿಲ್ಲ, ಇನ್ನೂ ಉಯ್ಕೋಬೇಕು, ಇನ್ನೂ ಉಯ್ಕೋಬೇಕು ಅನ್ನುಸ್ತದೆ. ನಂಗೆ ಗೊತ್ತಿರೋದು ಅಷ್ಟೇ. ಕಣ್ ಬುಟ್ರೆ ಜಗಲಿ ಮ್ಯಾಲೆ ಮಲಗಿರ್ತೀನಿ."

ಯಳಂದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕಬ್ಬು ಬೆಳೆಯುವ ಮೂವತ್ತರ ಆಸುಪಾಸಿನ ರೈತರೊಬ್ಬರು ಹೇಳಿದ ಮಾತಿದು. ಬಿಸಿನೀರಿನ ಅಪಸ್ಮಾರದ ಬಗ್ಗೆ ವೈದ್ಯಕೀಯ ಬರಹಗಳಲ್ಲಿ ಓದಿದ್ದೆ. ಅದನ್ನು ಅನುಭವಿಸಿದವರ ಬಾಯಿಂದಲೇ ಕೇಳಬೇಕೆಂಬ ಆಸೆಯಿತ್ತು. ಊರಿನ ಆಶಾ ಕಾರ್ಯಕರ್ತೆ ಅವರ ಮನೆಗೆ ಕರೆದೊಯ್ದರು. ಹಿತ್ತಿಲ ಕಡೆಯ ಬಚ್ಚಲು, ಮಸಿ ಹಿಡಿದ ತಾಮ್ರದ ಹಂಡೆ, ಒಲೆಯೊಳಗೆ ತೆಂಗಿನ ಸೋಗೆಯ ಬೂದಿ. ನಮ್ಮ ಹಳೇ ಮೈಸೂರಿನ ಕಡೆ ಯಾವ ಮನೆಯಲ್ಲೂ ಕಾಣುವ ಬಚ್ಚಲು.

ಅವರ ತಾಯಿಗೆ ಮಗ ಹೇಳದೆ ಬಿಟ್ಟ ಭಾಗವೆಲ್ಲ ನೆನಪಿತ್ತು. ಏಳನೇ ಕ್ಲಾಸಿನಲ್ಲಿದ್ದಾಗ ಶುರುವಾಯಿತಂತೆ. ವಾರಕ್ಕೊಮ್ಮೆ ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ, ಸುಡುಸುಡು ನೀರು ಉಯ್ಯುವುದು ಆ ಮನೆಯ ರೂಢಿ. ಒಂದು ದಿನ ಹುಡುಗ ಇದ್ದಕ್ಕಿದ್ದಂತೆ ಗೋಡೆ ನೋಡುತ್ತಾ ಕೂತ. ಕರೆದರೆ ಓಗೊಡಲಿಲ್ಲ. ಬಾಯಿ ಚಪ್ಪರಿಸಿದ, ಸಂಬಂಧವಿಲ್ಲದ ಮಾತಾಡಿದ, ವಾಲಿ ಬಿದ್ದ. "ಗಾಳಿ ಸೋಕದೆ ಅಂದ್ರು ಕನವ್ವ. ತಾಯ್ತ ಕಟ್ಸಿದೊ, ಬೆಟ್ಟಕ್ಕೆ ಹರಕೆ ಹೊತ್ತೊ. ಕೈಗೆ ಕಬ್ಬಿಣ ಕೊಟ್ಟೊ. ನೀರೇ ಕಾರಣ ಅಂತ ಯಾರ್ಗೆ ಹೊಳೀತು?" ಹೊಲದಲ್ಲಿ ಬಿಸಿಲಿಗೆ ನಿಂತರೆ ಏನೂ ಆಗುತ್ತಿರಲಿಲ್ಲ. ಮೈಗೆ ಬಿಸಿನೀರು ಹಾಕಿಕೊಂಡರೂ ಆಗುತ್ತಿರಲಿಲ್ಲ. ತಲೆಗೆ ಬಿದ್ದರೆ ಮಾತ್ರ.

ಈ ಕಾಯಿಲೆಯನ್ನು ವೈದ್ಯಕೀಯ ಪತ್ರಿಕೆಯಲ್ಲಿ ಮೊದಲು ದಾಖಲಿಸಿದ್ದು ನ್ಯೂಜಿಲೆಂಡಿನಲ್ಲಿ, 1945ರಲ್ಲಿ. ಆಮೇಲೆ ಜಪಾನು, ಟರ್ಕಿ ಮತ್ತಿತರ ಕಡೆಗಳಿಂದಲೂ ವರದಿಗಳು ಬಂದವು. ಆದರೆ ಜಗತ್ತಿನಲ್ಲಿ ಇದು ಅತಿ ಹೆಚ್ಚು ಕಂಡುಬಂದಿರುವುದು ದಕ್ಷಿಣ ಭಾರತದಲ್ಲಿ, ಅದರಲ್ಲೂ ದಕ್ಷಿಣ ಕರ್ನಾಟಕದಲ್ಲಿ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲೇ ಇದರ ಬಗ್ಗೆ ಬರೆದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ತಂಡ 279 ರೋಗಿಗಳ ವಿವರ ಪ್ರಕಟಿಸಿತು. ಮಣಿಯವರು ಆಸ್ಪತ್ರೆಗೆ ಬಂದವರನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ಇದೇ ಯಳಂದೂರು ತಾಲ್ಲೂಕಿನ ಸುಮಾರು 65 ಸಾವಿರ ಜನರ ನಡುವೆ ಅಪಸ್ಮಾರದ ಸಮೀಕ್ಷೆ ನಡೆಸಿದರು. ಬೆಂಗಳೂರು ಸುತ್ತಲಿನ ಸಮೀಕ್ಷೆಯಲ್ಲಿ ಬಿಸಿನೀರಿನ ಅಪಸ್ಮಾರ ಲಕ್ಷಕ್ಕೆ 60 ಜನರಲ್ಲಿ ಸಿಕ್ಕರೆ, ಯಳಂದೂರಿನಲ್ಲಿ ಸಿಕ್ಕಿದ್ದು ಲಕ್ಷಕ್ಕೆ 255. ಮನೆಮನೆಗೆ ಹೋಗಿ ಕೇಳದಿದ್ದರೆ ಈ ಸಂಖ್ಯೆ ಎಂದೂ ಹೊರಬೀಳುತ್ತಿರಲಿಲ್ಲ. ಆ ಕೆಲಸದ ಮೇಲೆ ನನಗೆ ತುಂಬ ಗೌರವ.

ತಲೆಯೊಳಗೆ ಆಗುವುದೇನು? ನಮ್ಮಲ್ಲಿ ತಲೆಗೆ ಉಯ್ಯುವ ನೀರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಚೊಂಬಿನ ಮೇಲೆ ಚೊಂಬು, ಬಿಡುವಿಲ್ಲದೆ. ಆರೋಗ್ಯವಂತರ ದೇಹ ಈ ಶಾಖವನ್ನು ಬೇಗ ಸಂಭಾಳಿಸುತ್ತದೆ. ಈ ರೋಗಿಗಳಲ್ಲಿ ಒಳಗಿನ ಉಷ್ಣತೆ ಸರ್ರನೆ ಏರುತ್ತದೆ, ಇಳಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಉಷ್ಣತೆಯನ್ನು ಹತೋಟಿಯಲ್ಲಿಡುವ ವ್ಯವಸ್ಥೆಯಲ್ಲೇ ಏನೋ ಲೋಪವಿದೆ ಎಂಬುದು ನಿಮ್ಹಾನ್ಸ್ ಸಂಶೋಧಕರ ವಿವರಣೆ. ಅಲ್ಲಿ ಇಲಿಗಳ ಮೇಲೆ ಬಿಸಿನೀರು ಹಾಯಿಸಿ ನಡೆಸಿದ ಪ್ರಯೋಗಗಳಲ್ಲಿ, ಮತ್ತೆ ಮತ್ತೆ ಶಾಖಕ್ಕೆ ಒಡ್ಡಿದಷ್ಟೂ ಮೂರ್ಛೆ ಬಲಿಯುತ್ತಾ ಹೋಯಿತು. ವಾರವಾರವೂ ಅದೇ ಹಂಡೆ, ಅದೇ ಬಿಸಿ ಎಂದರೆ ಮೆದುಳಿಗೆ ಮೂರ್ಛೆಯ ದಾರಿ ತೋರಿಸಿಕೊಟ್ಟಂತೆಯೇ ಆಯಿತು. ಕೆಲವರಿಗೆ ಮುಂದೆ ಸ್ನಾನದ ಹಂಗಿಲ್ಲದೆಯೂ ಮೂರ್ಛೆ ಬರತೊಡಗುತ್ತದೆ.

ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಬರುವುದುಂಟು. ಆ ರೈತರ ಸೋದರಮಾವನಿಗೂ ಇತ್ತಂತೆ. ಹಾಗಾಗಿ ವಂಶವಾಹಿಗಳ ಹುಡುಕಾಟ ಸಹಜ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ನಿಮ್ಹಾನ್ಸ್ ಜೊತೆಗೂಡಿ ಕೆಲವು ಕುಟುಂಬಗಳನ್ನು ಪರೀಕ್ಷಿಸಿ, ಎಸ್‌ಎಲ್‌ಸಿ1ಎ1 ಎಂಬ ವಂಶವಾಹಿಯಲ್ಲಿ ಅಪರೂಪದ ಬದಲಾವಣೆಗಳನ್ನು ಗುರುತಿಸಿತು. ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಹೀರಿ ತೆಗೆಯುವ ಪ್ರೋಟೀನು ಈ ವಂಶವಾಹಿಯಿಂದ ತಯಾರಾಗುತ್ತದೆ. ಕೆಲಸ ದೊಡ್ಡದು. ಆದರೆ 'ರೋಗದ ವಂಶವಾಹಿ ಪತ್ತೆ' ಎಂಬಂಥ ತಲೆಬರಹ ಕಂಡರೆ ನನಗೆ ಸಮಾಧಾನವಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಮೀಯುವ ಮನೆಯಲ್ಲಿ ಇದೇ ಬದಲಾವಣೆ ಹೊತ್ತು ಹುಟ್ಟಿದವರು ಬಹುಶಃ ಅದರ ಸುಳಿವೇ ಇಲ್ಲದೆ ಬಾಳಿ ಮುಗಿಸಬಹುದು. ಅತ್ತ, ಸುಡುನೀರು ಉಯ್ದುಕೊಳ್ಳುವ ಲಕ್ಷಾಂತರ ಜನರಿಗೆ ಏನೂ ಆಗುವುದಿಲ್ಲ. ಹುಟ್ಟಿನಿಂದ ಬಂದದ್ದು, ರೂಢಿಯಿಂದ ಬಂದದ್ದು, ಎರಡೂ ಒಂದೇ ಬಚ್ಚಲಿನಲ್ಲಿ ಸೇರಿದಾಗಲೇ ಈ ಕಾಯಿಲೆ.

ನನ್ನನ್ನು ಇನ್ನೂ ಬಿಡದೆ ಕಾಡುತ್ತಿರುವುದು ಆ ರೈತರು ಹೇಳಿದ 'ಹಿತ'. ನೀರು ಅಪಾಯವೆಂದು ಗೊತ್ತಾದ ಮೇಲೂ ಕೈ ನಿಲ್ಲಲಿಲ್ಲವೇಕೆ? ಎಷ್ಟೋ ಸಲ ತಾಯಿಯೇ ಒಳಗೆ ನುಗ್ಗಿ ಚೊಂಬು ಕಿತ್ತುಕೊಂಡಿದ್ದಾರೆ. "ಹಟಮಾರಿ" ಎಂದು ಬೈದಿದ್ದಾರೆ, ಎರಡೇಟು ಕೊಟ್ಟೂ ಇದ್ದಾರೆ. ಆದರೆ ಇದು ಅವರೊಬ್ಬರ ಕಥೆಯಲ್ಲ. ಈ ರೋಗಿಗಳಲ್ಲಿ ಹತ್ತರಲ್ಲಿ ಒಬ್ಬರಷ್ಟು ಜನ ಹೀಗೆ ಸುಖ ಅನುಭವಿಸಿ, ಪ್ರಜ್ಞೆ ತಪ್ಪುವವರೆಗೂ ನೀರು ಉಯ್ದುಕೊಳ್ಳುತ್ತಲೇ ಇರುತ್ತಾರೆಂದು ಸತೀಶ್ಚಂದ್ರ ಅವರ ಬರಹಗಳು ಹೇಳುತ್ತವೆ. ಮೂರ್ಛೆ ಬಹುಮಟ್ಟಿಗೆ ಹುಟ್ಟುವುದು ಮೆದುಳಿನಲ್ಲಿ ಕಣತಲೆಯ ಒಳಬದಿಗಿರುವ ಭಾಗದಲ್ಲಿ (ಟೆಂಪೊರಲ್ ಲೋಬ್). ಭಯ, ಸುಖ, ನೆನಪುಗಳ ವ್ಯವಹಾರ ನಡೆಯುವ ಜಾಗವೂ ಅದೇ. ಒಬ್ಬರಿಗೆ ಹಿಂದೆ ಯಾರೋ ನಿಂತಂಥ ದಿಗಿಲು, ಇನ್ನೊಬ್ಬರಿಗೆ ಎಂದೋ ನಡೆದದ್ದು ಮತ್ತೆ ನಡೆದಂಥ ಭಾಸ, ಈ ರೈತರಿಗೆ ಹಿತ. ಕೆಲವು ಮಕ್ಕಳು ಸ್ನಾನವೆಂದರೆ ಹೆದರಿ ಓಡುವುದಕ್ಕೂ, ಇವರು ಚೊಂಬು ಬಿಡದಿರುವುದಕ್ಕೂ ಬೇರು ಒಂದೇ ಎನಿಸುತ್ತದೆ.

ಹಾಗಾದರೆ ಆ ಹಿತ ಮೂರ್ಛೆಗೆ ಆಹ್ವಾನವೋ, ಆಗಲೇ ಶುರುವಾದ ಮೂರ್ಛೆಯ ಮೊದಲ ಕ್ಷಣವೋ? ನಾನು ಎರಡನೆಯದರ ಕಡೆ ವಾಲುತ್ತೇನೆ. 'ಇನ್ನೂ ಉಯ್ಕೋಬೇಕು' ಎನ್ನಿಸುವಾಗ ಅದನ್ನು ಬಯಸುತ್ತಿರುವುದು ಆಗಲೇ ಕೆರಳಿದ ಮೆದುಳು. ಅಂಥವನನ್ನು ಹಟಮಾರಿ ಎಂದು ಹೊಡೆಯುವುದು ಅನ್ಯಾಯ. ಇದನ್ನು ಹೇಳಿದಾಗ ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, "ಹಂಗಾರೆ ಅವ್ನ್ ತಪ್ಪಲ್ಲ ಅನ್ನಿ" ಎಂದರು. ಅವನ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ ಎಂದೆ.

ಚಿಕಿತ್ಸೆಯೂ ದೇಹ, ಮನಸ್ಸು, ರೂಢಿ ಮೂರನ್ನೂ ಹಿಡಿದೇ ಸಾಗಬೇಕು. ಮೊದಲ ಹೆಜ್ಜೆ ನೀರಿನ ಬಿಸಿ ಇಳಿಸುವುದು. ಎಷ್ಟೋ ಜನರಿಗೆ ಇಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ವೈದ್ಯರ ಸಲಹೆಯಂತೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಗುಳಿಗೆ. ಸ್ನಾನವಿಲ್ಲದೆಯೂ ಮೂರ್ಛೆ ಬರುವವರಿಗೆ ದಿನನಿತ್ಯದ ಔಷಧ. ಸುಖಕ್ಕಾಗಿ ಉಯ್ದುಕೊಳ್ಳುವವರಿಗೆ ಇದರ ಜೊತೆಗೆ ಆಪ್ತ ಸಮಾಲೋಚನೆಯೂ ಬೇಕು. ನಾನು ಕಂಡ ರೈತರು ಈಗ ಗುಳಿಗೆ ನುಂಗಿ, ತಣ್ಣೀರು ಬೆರೆಸಿ, ಬಾಗಿಲಿಗೆ ಚಿಲಕ ಹಾಕದೆ ಮೀಯುತ್ತಾರೆ. ಈಚೆಗೆ ಮೂರ್ಛೆ ಬಂದಿಲ್ಲ. ಮದುವೆಯ ಮಾತುಕತೆಯೂ ನಡೆದಿದೆ.

ಮದುವೆಯ ಮಾತು ಇಲ್ಲಿ ಸಣ್ಣದಲ್ಲ. ಹಿಂದೂ ವಿವಾಹ ಕಾಯ್ದೆಯಿಂದ ಅಪಸ್ಮಾರದ ಅಡ್ಡಿಯನ್ನು 1999ರಲ್ಲೇ ತೆಗೆದುಹಾಕಿದರೂ ಹೆಣ್ಣು ಗಂಡಿನ ಕಡೆಯವರ ಮನಸ್ಸಿನಿಂದ ಅದು ಹೋಗಿಲ್ಲ. ಆದ್ದರಿಂದಲೇ ಮನೆಯವರು ಬಚ್ಚಲಲ್ಲಿ ನಡೆದದ್ದನ್ನು ಬಚ್ಚಲಲ್ಲೇ ಮುಚ್ಚಿಡುತ್ತಾರೆ, ವೈದ್ಯರ ಮುಂದೆ 'ಫಿಟ್ಸ್' ಎಂದಷ್ಟೇ ಹೇಳುತ್ತಾರೆ.

ಈ ಸೀಮೆಯ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮೂರ್ಛೆ ಎಂದು ಬಂದವರನ್ನು ಒಂದು ಮಾತು ಕೇಳಲೇಬೇಕು: ತಲೆಗೆ ನೀರು ಹೇಗೆ ಉಯ್ದುಕೊಳ್ಳುತ್ತೀರಿ, ಎಷ್ಟು ಬಿಸಿ, ಆಗ ಏನನ್ನಿಸುತ್ತದೆ? ಕಾಸು ಖರ್ಚಿಲ್ಲದ ಪ್ರಶ್ನೆ. ಯಳಂದೂರಿನಲ್ಲಿ ಮಣಿಯವರ ತಂಡಕ್ಕೆ ಉತ್ತರ ಸಿಕ್ಕಿದ್ದು ಜನರನ್ನು ಅವರ ಮನೆಯಲ್ಲೇ ಕೇಳಿದ್ದರಿಂದ. ಇವತ್ತು ಕೇಳಿದರೂ ಜನ ಹೇಳುತ್ತಾರೆ.