ಹೊಸ ಮನೆಗೆ ಬಿಲ್ ಏಕೆ ಬರುತ್ತದೆ?

ಪ್ರಶ್ನೆ: ಮಳವಳ್ಳಿಯಲ್ಲಿ ಹೊಸದಾಗಿ ಮನೆ ಕಟ್ಟಿ ಗೃಹಪ್ರವೇಶ ಮಾಡಿದ್ದೇವೆ. 200 ಯೂನಿಟ್ ಉಚಿತ ಎನ್ನುತ್ತಾರೆ, ನಾವು 100 ಸುಟ್ಟರೂ ಬಿಲ್ ಬರುತ್ತಿದೆಯಲ್ಲ?

ಉತ್ತರ: 200 ಎಂಬುದು ಗರಿಷ್ಠ ಮಿತಿ, ಎಲ್ಲ ಮನೆಗೂ ಸಿಗುವ ಪಾಲಲ್ಲ. ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ ಹಿಂದಿನ ಬಳಕೆಯ ಸರಾಸರಿಯೇ ಲೆಕ್ಕ. ಹೊಸ ಮನೆಗೆ ಆ ದಾಖಲೆ ಇರುವುದಿಲ್ಲ. ಹಾಗಾಗಿ 2023ರಲ್ಲಿ ರಾಜ್ಯದ ಸರಾಸರಿ 53 ಯೂನಿಟ್‌ಗೆ ಶೇ. 10 ಸೇರಿಸಿ 58 ಎಂದು ನಿಗದಿ ಮಾಡಿದರು. ಅದನ್ನು ಮೀರಿದ್ದಕ್ಕೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ಬಳಕೆ 58ರೊಳಗೆ ಉಳಿಯಬೇಕಾದರೆ ಮೊದಲು ಗೀಸರ್ ನೋಡಿ. 2 ಕಿಲೋವ್ಯಾಟ್‌ನದು ದಿನಕ್ಕೆ ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ತಿಂಗಳಿಗೆ 30. ನಿಮ್ಮ ಪಾಲಿನ ಅರ್ಧಕ್ಕಿಂತ ಹೆಚ್ಚು ಸ್ನಾನಕ್ಕೇ ಹೋಯಿತು! ತೆಂಗಿನ ಮಟ್ಟೆ, ಗರಿ ಧಾರಾಳವಾಗಿ ಸಿಗುವ ನಮ್ಮ ಕಡೆ ಹಂಡೆ ಒಲೆಯನ್ನು ಕೈಬಿಡಬೇಡಿ. ಅನುಕೂಲವಿದ್ದರೆ ಸೋಲಾರ್ ಹೀಟರ್ ಹಾಕಿಸಿ. ಫ್ಯಾನ್ ಇನ್ನೂ ಕೊಂಡಿಲ್ಲವಾದರೆ ಬಿಎಲ್‌ಡಿಸಿ ಫ್ಯಾನನ್ನೇ ತನ್ನಿ. ಹಳೆಯ ಬಗೆಯದು 75 ವ್ಯಾಟ್ ಎಳೆದರೆ ಇದಕ್ಕೆ ಸುಮಾರು 30 ಸಾಕು.

ಏಷ್ಯಾದ ಮೊದಲ ದೊಡ್ಡ ಜಲವಿದ್ಯುತ್ ಕೇಂದ್ರಗಳಲ್ಲೊಂದಾದ ಶಿವನಸಮುದ್ರ, 1902ರಿಂದ, ನಿಮ್ಮ ತಾಲ್ಲೂಕಿನಲ್ಲೇ ಇದೆ. ಕರೆಂಟಿನ ಬೆಲೆ ತಿಳಿಯಲು ಮಕ್ಕಳಿಗೆ ಅದನ್ನು ತೋರಿಸಿ, ಮನೆಯ ಮೀಟರ್ ಓದುವುದನ್ನೂ ಕಲಿಸಿ.